ಭದ್ರಾವತಿ ನೋಡಿಬಂದ ದೋಣಿ ಮೋಟಾರು

ದೋಣಿಯ ಮೋಟಾರು ಕೆಟ್ಟಿರಲಿಲ್ಲ. ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗುವ ತೂತು ಮುಚ್ಚಿತ್ತು. ಮುಚ್ಚಿದವಳು ನಾನು. ಇಷ್ಟು ತಿಳಿಯೋದಕ್ಕೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿಬರಬೇಕಾಯಿತು.

ನಮ್ಮ ಮನೆ ರಾಗಿಗುಡ್ಡದಲ್ಲಿ, ದೋಣಿ ಗಾಜನೂರಿನ ಹಿನ್ನೀರಿನಲ್ಲಿ. ಸೊಸೆ ಮಂಜುಳಾ ಅದರಲ್ಲಿ ಬಲೆ ಬಿಟ್ಟು ಮೀನು ಹಿಡಿಯುತ್ತಾಳೆ. ಮಗ ರವಿ ಗೂಡ್ಸ್ ಆಟೋ ಓಡಿಸುತ್ತಾನೆ. ದಡದಲ್ಲಿ ಬಿಟ್ಟರೆ ಪೆಟ್ರೋಲ್ ಕದಿಯುತ್ತಾರೆಂದು ಮಂಜುಳಾ ದಿನಾ ಟ್ಯಾಂಕನ್ನು ಸ್ಕೂಟರಿನಲ್ಲಿ ಮನೆಗೆ ತರುತ್ತಾಳೆ. ಅಡಿಗೆಮನೆ ಮೂಲೆ ಬಿಟ್ಟರೆ ಅದನ್ನಿಡಲು ಬೇರೆ ಜಾಗವಿಲ್ಲ.

ಒಂದು ತಿಂಗಳಿಂದ ಮೋಟಾರು ಹತ್ತು ನಿಮಿಷ ಓಡಿ ನೀರಿನ ನಡುವೆ ನಿಂತುಬಿಡುತ್ತಿತ್ತು. ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡಿ ಹಾಕಿದರೆ ಮತ್ತೆ ಹತ್ತು ನಿಮಿಷ ಓಡುತ್ತಿತ್ತು. ರವಿ ಬಂದು ದಡದ ಹತ್ತಿರವೇ ಐದು ನಿಮಿಷ ಓಡಿಸಿ ನೋಡಿದ. "ಮೋಟಾರು ಸರಿಯಾಗೇ ಇದೆ. ಇವಳ ಕೈ ಸರಿ ಇಲ್ಲ" ಅಂದ. ಭಾನುವಾರ ದೋಣಿ ಮಾರಿಬಿಡೋಣ ಅಂತಲೂ ಅಂದ. ನಾನೂ ಹೂಂ ಅಂದಿದ್ದೆ.

ಮಂಜುಳಾ ಜಗಳ ಆಡಲಿಲ್ಲ. ಶುಕ್ರವಾರ ಮೋಟಾರನ್ನು ದೋಣಿಯಿಂದ ಬಿಚ್ಚಿ ತಂದಳು. "ಭದ್ರಾವತಿಯ ಸೆಲ್ವಣ್ಣಂಗೆ ತೋರಿಸ್ಕೊಂಡು ಬರ್ತೀನಿ. ಒಂದು ಕಡೆ ಹಿಡ್ಕೊಳ್ಳೋಕೆ ಬರ್ತೀರಾ ಅತ್ತೆ?" ಅಂದಳು. ಮೋಟಾರಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡೋ ಆಸೆ ನನಗೂ ಇತ್ತು. ಹೊರಟೆ.

ಮೋಟಾರು, ಟ್ಯಾಂಕು ಎರಡನ್ನೂ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಾಡಿಗೆ ಆಟೋದಲ್ಲಿ ಹೋದೆವು. ಕಂಡಕ್ಟರ್ ಮೂಗು ಮುಚ್ಚಿಕೊಂಡ. "ಏನ್ರೀ ಅದು, ಪೆಟ್ರೋಲ್ ಟ್ಯಾಂಕಾ? ಬಸ್ಸಿಗೆ ಬೆಂಕಿ ಇಡ್ತೀರಾ? ಇಳಿಸ್ರೀ." ಮಂಜುಳಾ ಟ್ಯಾಂಕನ್ನೂ ಅದರ ಪೈಪನ್ನೂ ಅದೇ ಆಟೋದಲ್ಲಿ ಮನೆಗೆ ವಾಪಸ್ ಕಳಿಸಿದಳು. ಹೆಂಗಸರು ಅಂತ ನಮ್ಮಿಬ್ಬರಿಗೂ ಬಸ್ಸು ಪುಕ್ಕಟೆ. ಮೋಟಾರಿಗೆ ಮಾತ್ರ ಮೂವತ್ತು ರೂಪಾಯಿ ಲಗೇಜ್ ಟಿಕೆಟ್.

ಗೋಣಿಚೀಲದಲ್ಲಿ ಸುತ್ತಿದ್ದ ಅದನ್ನು ಕಾಲ ಹತ್ತಿರ ಇಟ್ಟುಕೊಂಡಿದ್ದೆ. ಪಕ್ಕದ ಸೀಟಿನ ಮುದುಕ ಸುಮ್ಮನಿರಲಿಲ್ಲ.

"ಹಲಸಿನ ಹಣ್ಣಾ?"

"ಮೋಟಾರು."

"ಬೋರ್‌ವೆಲ್ಲಿಂದಾ?"

"ದೋಣೀದು."

"ಭದ್ರಾವತೀಗೆ ಯಾವಾಗ ಸಮುದ್ರ ಬಂತು ಮಾರಾಯ್ತಿ?"

"ನೀನು ನಿದ್ದೆ ಮಾಡ್ತಿದ್ದಾಗ" ಅಂದೆ. ಆಮೇಲೆ ಅವನು ಕಿಟಕಿ ನೋಡಿಕೊಂಡು ಕೂತ.

ಇಪ್ಪತ್ತು ಕಿಲೋಮೀಟರ್ ಇರಬಹುದು. ಮುಕ್ಕಾಲು ಗಂಟೆ ಹಿಡಿಯಿತು. ಬಿಸಿಲಿಗೆ ಬಸ್ಸಿನ ಕಂಬಿ ಮುಟ್ಟೋ ಹಾಗಿರಲಿಲ್ಲ. ಭದ್ರಾವತಿಯಲ್ಲಿ ಇಳಿದು ಓಲ್ಡ್ ಟೌನಿನ ಗಲ್ಲಿಯವರೆಗೆ ಇಬ್ಬರೂ ಗೋಣಿ ಹಿಡಿದು ನಡೆದೆವು. ಮೂರು ಕಡೆ ನಿಂತು ಸುಧಾರಿಸಿಕೊಂಡೆ.

ಸೆಲ್ವಣ್ಣ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವನು. ರಿಟೈರಾದ ಮೇಲೆ ಮನೆ ಮುಂದೆಯೇ ಪಂಪು, ಮೋಟಾರು ರಿಪೇರಿ ಮಾಡುತ್ತಾನೆ. ಹೆಂಡತಿ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ಸ್ಪ್ಯಾನರಿನ ಜೊತೆ ಬೈಗುಳ. ನೀರು ತುಂಬಿದ ನೀಲಿ ಡ್ರಮ್ಮಿನ ಅಂಚಿಗೆ ಮೋಟಾರನ್ನು ಸಿಕ್ಕಿಸಿ, ತನ್ನದೇ ಟ್ಯಾಂಕು ಪೈಪು ಜೋಡಿಸಿ ಹಗ್ಗ ಎಳೆದ. ಎರಡನೇ ಎಳೆತಕ್ಕೇ ಶುರುವಾಯಿತು. ನಾವು ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದೆವು. ಅವನಿಗೂ ಕೊಟ್ಟೆವು. ಅರ್ಧ ಗಂಟೆಯಾದರೂ ಮೋಟಾರು ನಿಲ್ಲಲಿಲ್ಲ.

"ಇದಕ್ಕೇನೂ ಕಾಯಿಲೆ ಇಲ್ಲಮ್ಮಾ" ಅಂದ ಸೆಲ್ವಣ್ಣ. "ಕಾಯಿಲೆಯವನನ್ನ ಮನೇಲಿ ಬಿಟ್ಟು ಚೆನ್ನಾಗಿರೋನನ್ನ ಕರ್ಕೊಂಡು ಬಂದಿದೀರಿ."

ಪೈಪಿನ ನಡುವೆ ಮೊಟ್ಟೆಯಂಥ ರಬ್ಬರ್ ಬುರುಡೆ ಇರುತ್ತದೆ, ಒತ್ತಿದರೆ ಪೆಟ್ರೋಲ್ ಮುಂದಕ್ಕೆ ಹೋಗುತ್ತದೆ. ಅದನ್ನು ತೋರಿಸಿ ಕೇಳಿದ, "ಮೋಟಾರು ನಿಂತಾಗ ನಿಮ್ಮದು ಹೇಗಿರ್ತದೆ?"

"ಚಪ್ಪಟೆ ಅಣ್ಣ. ಒತ್ತಿದ್ರೆ ಉಬ್ಬೋದೇ ಇಲ್ಲ" ಅಂದಳು ಮಂಜುಳಾ.

"ಮುಚ್ಚಳದ ಮೇಲಿನ ಗಾಳಿ ತಿರುಪು ಸಡಿಲ ಬಿಡ್ತೀಯಾ?"

"ದಿನಾ ಬಿಡ್ತೀನಿ."

"ಹಂಗಾದ್ರೆ ಅದರ ಕೆಳಗೇ ಏನೋ ಅಡ್ಡ ಇದೆ." ನೀರಿನ ಪ್ಲಾಸ್ಟಿಕ್ ಬಾಟ್ಲಿ ನನ್ನ ಕೈಗೆ ಕೊಟ್ಟ. "ತುಟಿ ಬಿಡದೆ ಹೀರಮ್ಮಾ."

ಹೀರಿದೆ. ಎರಡು ಗುಟುಕು ಬಂತು. ಬಾಟ್ಲಿ ಕೆನ್ನೆ ಒಳಕ್ಕೆಳೆದುಕೊಂಡು ಲಟಲಟ ಅಂತು. ಇನ್ನೆಷ್ಟು ಹೀರಿದರೂ ನೀರು ಬರಲಿಲ್ಲ. ತುಟಿ ಸಡಿಲಿಸಿದೆ, ಗಾಳಿ ಒಳಗೆ ಹೋಯಿತು, ಬಾಟ್ಲಿ ಉಬ್ಬಿತು. ಇನ್ನೊಂದು ಸಲ ಮಾಡಿದೆ. ಮತ್ತೆ ಹಾಗೇ ಆಯಿತು. ಮುಚ್ಚಳ ತೆಗೆದರೆ ಮೋಟಾರು ಯಾಕೆ ಓಡುತ್ತಿತ್ತು ಅಂತ ಆಗ ಅರ್ಥವಾಯಿತು. ಜೊತೆಗೆ ಇನ್ನೊಂದೂ ನೆನಪಾಯಿತು.

ತಿಂಗಳ ಹಿಂದೆ ಅನ್ನಕ್ಕೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ನಮ್ಮ ಯಜಮಾನರು ಅವರ ಮೊಪೆಡ್ಡಿಗೆ ಹಾಗೆ ಮೆತ್ತಿಯೇ ಎರಡು ವರ್ಷ ಓಡಿಸಿದ್ದರು. ನಾನೂ ಮುಚ್ಚಳ ತೆಗೆದು, ಅದರ ಒಳಮೈಯಲ್ಲಿ ಕಂಡ ಸಣ್ಣ ತೂತಿಗೆ ಸೋಪು ಒತ್ತಿದ್ದೆ. ವಾಸನೆ ನಿಂತಿತ್ತು. ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ಹೇಳೋದೇನಿದೆ ಅಂದುಕೊಂಡಿದ್ದೆ.

ಬಾಟ್ಲಿಯನ್ನು ಸೆಲ್ವಣ್ಣನಿಗೆ ವಾಪಸ್ ಕೊಟ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಂಜುಳಾ, "ಮೋಟಾರು ಸರಿ ಇದೆ ಅಂದ್ರೆ ಇವರು ಇನ್ನೂ ನನ್ನನ್ನೇ ಅಂತಾರೆ ಅತ್ತೆ" ಅಂದಳು. ನಾನು ಆ ಕಡೆ ತಿರುಗಿ ಕೂತೆ.

ಮಾರನೇ ಬೆಳಿಗ್ಗೆ ಕಾಫಿಗೂ ಮೊದಲು ಮುಚ್ಚಳ ತೆಗೆದು, ಬಳೆಯಲ್ಲಿದ್ದ ಪಿನ್ನಿನಿಂದ ಸೋಪು ಕೆದಕಿ ಮಂಜುಳಾ ಅಂಗೈಯಲ್ಲಿ ಹಾಕಿದೆ. "ನಾನು ಇಟ್ಟಿದ್ದು" ಅಂದೆ. ಅವಳು ಸೋಪು ನೋಡಿದಳು, ನನ್ನನ್ನು ನೋಡಿದಳು. ರವಿಯನ್ನು ಎಬ್ಬಿಸಿ, ಅವನ ಆಟೋದಲ್ಲೇ ಮೂವರೂ ಗಾಜನೂರಿಗೆ ಹೋದೆವು. ಅಲ್ಲಿ ಮಂಜುಳಾ ಲೈಫ್ ಜಾಕೆಟ್ ತಂದು ನನಗೆ ಹಾಕಿ, ಪಟ್ಟಿ ಸ್ವಲ್ಪ ಜೋರಾಗಿಯೇ ಬಿಗಿದು, "ಹತ್ತಿ ಅತ್ತೆ" ಅಂದಳು. ಅಲ್ಲಿಯವರೆಗೆ ನಾನು ದೋಣಿ ಹತ್ತಿದವಳಲ್ಲ.

ಟ್ಯಾಂಕನ್ನು ಕಾಲ ನಡುವೆ ಇಟ್ಟುಕೊಂಡು ಕೂತೆ. ಮಂಜುಳಾ ಮೋಟಾರು ಸಿಕ್ಕಿಸಿ ಹಗ್ಗ ಎಳೆದಳು. ಹತ್ತು ನಿಮಿಷ ಆಯಿತು. ಇಪ್ಪತ್ತು ಆಯಿತು. ಬುರುಡೆ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ದಡದಲ್ಲಿ ರವಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. "ಸೋಪು ಇಟ್ಟಿದ್ದು ನಾನು ಕಣೋ, ಅವಳದ್ದೇನೂ ತಪ್ಪಿಲ್ಲ" ಅಂತ ಅಲ್ಲಿಂದಲೇ ಕೂಗಿದೆ. ಮೋಟಾರಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ದಡಕ್ಕೆ ಬಂದು ಇನ್ನೊಂದು ಸಲ ಹೇಳಿದೆ.