ಗುಂಡವ್ವ ಕಸ ಹೊಡೆಯದ ನಾಲ್ಕು ದಿನ

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಾಸಿಂಸಾಬನ ಫರ್ನಿಚರ್ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ಮುಂದೆ ತಗಡಿನ ಶೆಡ್ಡು, ಹಿಂದೆ ಅವನ ಮನೆ, ನಡುವೆ ಒಂದು ಬಾಗಿಲು. ಆ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಕಸ ಹೊಡೆಯುವ ಗುಂಡವ್ವನಿಗೆ ಪಗಾರದ ಜೊತೆ ಇನ್ನೊಂದು ಪಾಲೂ ಇತ್ತು. ನೆಲಕ್ಕೆ ಬಿದ್ದ ಕಟ್ಟಿಗೆಯ ಚೂರೆಲ್ಲ ಅವಳದು. ಕೆಲಸಕ್ಕೆ ಸೇರಿದ ದಿನವೇ ಕಾಸಿಂಸಾಬ ಹೇಳಿದ್ದ, "ಕಸ ಹೊಡಿಯಾಕಿಗೇ ಚೂರು. ನಮ್ಮಪ್ಪನ ಕಾಲದಿಂದ ಹಿಂಗ ಐತಿ." ಇದರಲ್ಲಿ ದೊಡ್ಡ ಮನಸ್ಸು ಎಷ್ಟಿತ್ತೋ, ಚೂರು ಹೊತ್ತುಹಾಕಲು ಬೇರೆ ಆಳು ಬೇಡ ಎಂಬ ಜಾಣತನವೂ ಅಷ್ಟೇ ಇತ್ತು.

ಗುಂಡವ್ವ ಹುಟ್ಟಿದ್ದು ಗೊಳಸಂಗಿಯಲ್ಲಿ, ಕೊಟ್ಟದ್ದು ಕನ್ನೊಳ್ಳಿಗೆ. ಬೆಳಿಗ್ಗೆ ಎಂಟರ ಬಸ್ಸು ಹತ್ತುವುದರೊಳಗೆ ಮನೆಯ ಒಳಗೊಂದು ಸುತ್ತು, ಅಂಗಳದಲ್ಲೊಂದು ಸುತ್ತು, ಎಮ್ಮೆ ಕಟ್ಟುವ ಜಾಗದಲ್ಲೊಂದು ಸುತ್ತು ಕಸ ಹೊಡೆದಿರುತ್ತಿದ್ದಳು. ಸಿಂದಗಿಯ ಕಸಕ್ಕೆ ಪಗಾರ ಇತ್ತು, ಕನ್ನೊಳ್ಳಿಯ ಕಸಕ್ಕೆ ಇರಲಿಲ್ಲ. ಅದಕ್ಕೇ ಅವಳ ಗಂಡ ಅಪ್ಪಾಸಾಬ ಯಾರಾದರೂ ಕೇಳಿದರೆ, "ಆಕಿ ಸಿಂದಗ್ಯಾಗ ಕೆಲಸ ಮಾಡ್ತಾಳ, ಮನ್ಯಾಗ ಇರ್ತಾಳ" ಎನ್ನುತ್ತಿದ್ದ.

ಚೂರುಗಳನ್ನು ಚೀಲಕ್ಕೆ ತುಂಬಿ ಸಂಜೆ ಬಸ್ಸಿಗೆ ಒಯ್ಯುವುದು ರೂಢಿ. ರೊಟ್ಟಿಯ ಒಲೆಗೆ, ನೀರೊಲೆಗೆ ಆಗುತ್ತಿತ್ತು. ಮುಂದೆ ಮನೆಗೆ ಗ್ಯಾಸ್ ಬಂತು. ಚೂರು ಹೊರುವ ರೂಢಿ ಮಾತ್ರ ನಿಲ್ಲಲಿಲ್ಲ. ಮಂಚದ ಕೆಳಗೆ ರಾಶಿ ಬಿದ್ದು ಅಪ್ಪಾಸಾಬನ ಚಪ್ಪಲಿಗೆ ಜಾಗ ಇಲ್ಲದಾಯಿತು.

"ಇದನ್ನೇನು ಹೆಣಾ ಸುಡಾಕ ಕೂಡಿಡಾಕತ್ತೀಯೇನು?" ಎಂದ.

"ಯಾರದು ಅಂತ ಈಗ ಹೇಳಂಗಿಲ್ರಿ" ಎಂದಳು ಗುಂಡವ್ವ.

ಅವಳಿಗೆ ಚೂರುಗಳನ್ನು ಸುಡಲು ಮನಸ್ಸಿರಲಿಲ್ಲ. ಸಾಗವಾನಿಯ ಹೊನ್ನ ಬಣ್ಣ, ಬೇವಿನ ಬೆಳಕು, ಜಾಲಿಯ ಒಳತಿರುಳಿನ ಕಪ್ಪುಗೆಂಪು ಎಲ್ಲ ಅವಳ ಬೆರಳಿಗೆ ಗುರುತು. ಶೆಡ್ಡಿನಲ್ಲಿ ರಮಜಾನ ಲೇಥ್ ಮಷಿನ್ನಿನ ಮೇಲೆ ಮಂಚದ ಕಾಲು ತಿರುವಿ ಕಡೆಯುತ್ತಿದ್ದ. ಹನ್ನೊಂದು ವರ್ಷ ಅವನ ಕಾಲಬುಡದಲ್ಲಿ ಕಸ ಹೊಡೆಯುತ್ತ ಅವನು ಉಳಿ ಎಲ್ಲಿ ಒತ್ತುತ್ತಾನೆ, ಎಲ್ಲಿ ಸಡಿಲ ಬಿಡುತ್ತಾನೆ ಎಂದು ಅವಳು ನೋಡಿದ್ದಳು. ಅವನು ಮಧ್ಯಾಹ್ನ ಊಟಕ್ಕೆ ಹೋದರೆ ಎರಡು ತಾಸು ಮಷಿನ್ ಸುಮ್ಮನೆ ನಿಂತಿರುತ್ತದೆ ಎಂಬುದನ್ನೂ ನೋಡಿದ್ದಳು.

"ರಮಜಾನ, ನಾ ಒಂದು ಬಟ್ಟಲ ತಿರುವ್ತೇನಿ" ಎಂದಳು ಒಂದು ದಿನ.

"ಬೆರಳು ಹೋದ್ರ?"

"ಹೋದ್ರ ನಿನ್ನವು ಕೇಳಂಗಿಲ್ಲ. ತೋರ್ಸು."

ಒಂದು ವಾರ ಅವನು ಊಟಕ್ಕೆ ತಡಮಾಡಿ ಹೋಗಿ ಕಲಿಸಿದ. ಸೆರಗು ಬಿಗಿಯಾಗಿ ಸಿಕ್ಕಿಸಬೇಕು, ಬಳೆ ಮೇಲೇರಿಸಬೇಕು, ಮುಖ ವಾರೆ ಹಿಡಿಯಬೇಕು. ರಾತ್ರಿ ಮನೆಯಲ್ಲಿ ಅಂಟು ಹಚ್ಚಿ ಕೂಡಿಸಿ ತಂದ ಚೂರುಗಳ ಮೊದಲ ಬಟ್ಟಲು ಮಷಿನ್ ಬಿಟ್ಟು ಹಾರಿ ತಗಡಿಗೆ ಬಡಿಯಿತು. ಎರಡನೆಯದಕ್ಕೆ ತಳವೇ ಉಳಿಯಲಿಲ್ಲ. ಮೂರನೆಯದು ನಿಂತಿತು. ಖಣದ ಬಟ್ಟೆಯ ಪಟ್ಟಿಗಳಂತೆ ಕಪ್ಪು, ಹೊನ್ನು, ಬಿಳಿ ಸುತ್ತಿಕೊಂಡ ಬಟ್ಟಲು. ಕುಸುಬಿ ಎಣ್ಣೆ ಒರೆಸಿದಾಗ ಅದು ಬೆವರಿದ ಮೈಯಂತೆ ಮಿಂಚಿತು.

ಅದನ್ನು ಮನೆಗೆ ಒಯ್ದಳು. ಅಪ್ಪಾಸಾಬ ಮೇಲೆ ಕೆಳಗೆ ಮಾಡಿ ನೋಡಿದ.

"ಇದರಾಗ ಏನ್ ಹಾಕೂದು?"

"ಏನೂ ಇಲ್ರಿ."

"ಸಾರು?"

"ಬಿರುಕು ಬಿಡ್ತೈತಿ."

"ಮತ್ತ ಇದು ಏನ್ ಕೆಲಸ ಮಾಡ್ತೈತಿ?"

"ಚಂದಾಗಿ ಕೂತಿರ್ತೈತಿ."

ಮೂವತ್ತು ವರ್ಷ ಕಟ್ಟೆಯ ಮೇಲೆ ಚಂದವಾಗಿಯೇ ಕೂತು ಬಂದಿದ್ದ ಅಪ್ಪಾಸಾಬನಿಗೆ, ಮನೆಯಲ್ಲಿ ಅದೇ ಕೆಲಸಕ್ಕೆ ಇನ್ನೊಬ್ಬರು ಬಂದದ್ದು ಅಷ್ಟು ಹಿಡಿಸಲಿಲ್ಲ.

ಗುಂಡವ್ವ ಮುಂದಿನ ಬಟ್ಟಲುಗಳನ್ನು ಶೆಡ್ಡಿನ ಕಿಟಕಿಯಲ್ಲೇ ಸಾಲಾಗಿ ಇಟ್ಟಳು. ಕಾಸಿಂಸಾಬ ಅವನ್ನು "ಗುಂಡವ್ವನ ಆಟಿಗಿ" ಎಂದು ಕರೆದು ನಗುತ್ತಿದ್ದ. ಪುಸ್ತಕದ ಕಪಾಟು ಮಾಡಿಸಲು ಇಂಡಿಯಿಂದ ಪ್ರಜ್ಞಾ ಟೀಚರು ಬಂದಾಗ ನಗು ನಿಂತಿತು. ಟೀಚರು ಕಪಾಟಿನ ಮಾತು ಅರ್ಧಕ್ಕೆ ಬಿಟ್ಟು ಬಟ್ಟಲು ಕೈಗೆತ್ತಿಕೊಂಡರು. ಇದರಲ್ಲಿ ಏನು ಹಾಕುವುದು ಎಂದು ಕೇಳಲಿಲ್ಲ. "ಯಾರ ಮಾಡಿದ್ರು?" ಎಂದು ಕೇಳಿದರು. ರೊಕ್ಕ ಕೊಟ್ಟು ಎರಡು ಒಯ್ದರು. ವಾರದೊಳಗೆ ಅವರ ಶಾಲೆಯವರಿಗೆ ಹತ್ತು ಬೇಕು ಎಂದು ಫೋನು ಬಂತು. ಆಮೇಲೆ ನಿಡಗುಂದಿಯ ಹೆದ್ದಾರಿ ಹೋಟೆಲಿನವರು ಟೇಬಲ್ಲಿಗೊಂದು ಇಡುತ್ತೇವೆ ಎಂದರು.

ಅವತ್ತು ಸಂಜೆ ಗುಂಡವ್ವ ಚೀಲದ ಬಾಯಿ ಕಟ್ಟುತ್ತಿದ್ದಾಗ ಕಾಸಿಂಸಾಬ ಬಂದು ನಿಂತ.

"ಗುಂಡವ್ವಾ, ಕಟ್ಟಿಗಿ ಅಂದ್ರ ಕಟ್ಟಿಗಿನ. ದೊಡ್ಡದಿರ್ಲಿ, ಸಣ್ಣದಿರ್ಲಿ, ನಾ ತಂದ ಮಾಲು. ಇನ್ನ ಚೂರು ಒಯ್ಯಬ್ಯಾಡ. ಬಟ್ಟಲ ರಮಜಾನ ಮಾಡ್ತಾನ."

"ಕಸ ಹೊಡಿಯಾಕಿಗೇ ಚೂರು ಅಂದಿದ್ರಲ್ರಿ."

"ಆವಾಗ ಅದು ಕಸ ಇತ್ತು."

"ಈಗ್ರಿ?"

"ಈಗ ಮಾಲು."

ಗುಂಡವ್ವ ಚೀಲವನ್ನು ಅಲ್ಲೇ ಸುರುವಿ ಖಾಲಿ ಕೈಯಲ್ಲಿ ಬಸ್ಸು ಹತ್ತಿದಳು. ಅವಳು ಮಾಡಿದ ರೊಟ್ಟಿ ರಾತ್ರಿಯೊಳಗೆ ತಿಂದು ಮುಗಿಯುತ್ತಿತ್ತು. ಹೊಡೆದ ನೆಲ ಸಂಜೆಯೊಳಗೆ ಹೊಲಸಾಗುತ್ತಿತ್ತು. ಐವತ್ತೆರಡು ವರ್ಷದಲ್ಲಿ ಅವಳು ಮಾಡಿದ್ದು ಮರುದಿನವೂ ಹಾಗೇ ಉಳಿದದ್ದು ಎಂದರೆ ಈ ಬಟ್ಟಲುಗಳು ಮಾತ್ರ. ಚೂರು ಇಲ್ಲದಿದ್ದರೆ ಅವೂ ಇಲ್ಲ.

ಮರುದಿನ ಎಂಟರ ಬಸ್ಸಿಗೇ ಬಂದಳು. ನೀರು ತುಂಬಿದಳು, ಚಹಾ ಮಾಡಿದಳು, ಕುರ್ಚಿಗಳಿಗೆ ಪಾಲಿಶ್ ಕಾಗದ ತಿಕ್ಕಿದಳು. ಕಸಬರಿಗೆ ಮಾತ್ರ ಮೊಳೆಯಲ್ಲೇ ಇತ್ತು.

"ಕಸ?" ಎಂದ ಕಾಸಿಂಸಾಬ.

ಗುಂಡವ್ವ ಸುತ್ತಲೂ ನೋಡಿದಳು. "ಎಲ್ಲೈತ್ರಿ? ಬರೇ ಮಾಲ ಕಾಣಾಕತ್ತೈತಿ. ನಿಮ್ಮ ಮಾಲಿಗೆ ನಾ ಬಾರಿಗಿ ಹಚ್ಚಂಗಿಲ್ರಿ. ನಾಳೆ ಒಂದು ಚೂರು ಕಡಿಮಿ ಬಿದ್ರ ಕಳ್ಳಿ ಅಂತೀರಿ."

ಮೊದಲ ದಿನ ಕಟ್ಟಿಗೆಯ ಹೊಟ್ಟು ಪಾದ ಮುಚ್ಚಿತು. ಎರಡನೆಯ ದಿನ ರಮಜಾನನ ಒಂದು ಚಪ್ಪಲಿ ಕಾಣೆಯಾಯಿತು. ಅವನು ಒಂದೇ ಚಪ್ಪಲಿಯಲ್ಲಿ ಊಟಕ್ಕೆ ಹೋದ. ಬಟ್ಟಲು ಮಾಡೆಂದರೆ, "ಮಾಲಕ್ರ, ನನಗ ಮಂಚದ ಕಾಲು ಬರ್ತೈತಿ. ಯಾವ ಚೂರಿನ ಬಾಜು ಯಾವ್ದು ಕೂಡಬೇಕಂತ ಆ ಅಕ್ಕಗ ಗೊತ್ತು" ಎಂದುಬಿಟ್ಟ.

ಮೂರನೆಯ ದಿನ ಕಾಸಿಂಸಾಬ ನಡುಬಾಗಿಲ ಕಡೆ ತಿರುಗಿ ಕೂಗಿದ, "ಸಗೀರಾ! ಬಂದು ಸ್ವಲ್ಪ ಕಸಾ ಹೊಡದ ಹೋಗು."

ಅವನ ಹೆಂಡತಿ ಸಗೀರಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಇದು ಕಸ ಏನ್ರಿ, ಮಾಲು ಏನ್ರಿ?"

ಗುಂಡವ್ವ ಕೂತಲ್ಲೇ ಕಿವಿ ನೆಟ್ಟಗೆ ಮಾಡಿದಳು. ಕಾಸಿಂಸಾಬ ಗಂಟಲು ಸರಿಮಾಡಿಕೊಂಡು, "ಮಾಲು" ಎಂದ.

"ಹೆಣ್ಮಕ್ಕಳು ಮಾಲು ಮುಟ್ಟಬಾರ್ದು ಅಂತ ಮದುವಿಯಾದ ವರ್ಷನ ನೀವು ಹೇಳೀರಿ. ಇಪ್ಪತ್ತೆರಡು ವರ್ಷ ಪಾಲಿಸೇನಿ. ಇವತ್ತ್ಯಾಕ ತಪ್ಪಲಿ?" ಎಂದು ಸಗೀರಾ ಬಾಗಿಲು ಹಾಕಿಕೊಂಡಳು.

ನಾಲ್ಕನೆಯ ದಿನ ಮುದ್ದೇಬಿಹಾಳದ ಧರ್ಮರಾಜನ ಮಗಳ ಮದುವೆಯ ಮಂಚ ಪಾಲಿಶ್ ಆಗಿತ್ತು. ಮರುದಿನ ಹತ್ತಕ್ಕೆ ಟೆಂಪೊ ತರುತ್ತೇನೆ ಎಂದು ಧರ್ಮರಾಜನ ಫೋನು. ಬೀಗರೂ ಜೊತೆಗೆ ಬರುತ್ತಾರಂತೆ. ಕಾಸಿಂಸಾಬ ಶೆಡ್ಡನ್ನು ಒಮ್ಮೆ ನೋಡಿದ, ಮೊಳೆಯನ್ನು ಒಮ್ಮೆ ನೋಡಿದ, ತಾನೇ ಕಸಬರಿಗೆ ಎತ್ತಿಕೊಂಡ.

ಅದನ್ನು ಸಲಿಕೆಯಂತೆ ಹಿಡಿದಿದ್ದ. ನೀರು ಚಿಮುಕಿಸಲಿಲ್ಲ. ಪಾಲಿಶ್ ಒಣಗಲೆಂದು ಹಚ್ಚಿದ್ದ ದೊಡ್ಡ ಫ್ಯಾನು ಭರ್ರನೆ ತಿರುಗುತ್ತಿತ್ತು. ಗಾಳಿಗೆ ಎದುರಾಗಿ ನಿಂತು ನಾಲ್ಕು ಏಟು ಹೊಡೆದ ಅಷ್ಟೇ, ನಾಲ್ಕು ದಿನದ ಹೊಟ್ಟು ಎದ್ದಿತು. ಅವನು ಕಾಣಲಿಲ್ಲ, ರಮಜಾನ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸಿತು. ಹೊಟ್ಟು ಇಳಿದಾಗ ಹಸಿ ಪಾಲಿಶ್ಶಿನ ಮಂಚ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಂತಾಗಿತ್ತು.

"ಮೊದಲ ಫ್ಯಾನ್ ಆರ್ಸಬೇಕ್ರಿ" ಎಂದಳು ಗುಂಡವ್ವ ಬಾಗಿಲ ಬಳಿಯಿಂದ.

"ಈಗ ಹೇಳ್ತಿ? ಮೊದಲ ಹೇಳಾಕ ಏನಾಗಿತ್ತು?"

"ಹನ್ನೊಂದು ವರ್ಷ ದಿನಾ ನಿಮ್ಮ ಕಣ್ಣ ಮುಂದ ಮಾಡಿ ತೋರಿಸೇನ್ರಿ."

ಕಾಸಿಂಸಾಬ ಹೊಟ್ಟಿನ ರಾಶಿಯ ಮೇಲೇ ಕುಸಿದು ಕೂತ. ಹುಬ್ಬು, ಮೀಸೆ, ಟೋಪಿ ಎಲ್ಲ ಒಂದೇ ಬಣ್ಣ. ಮಂಚ ಮತ್ತೆ ತಿಕ್ಕಬೇಕು, ಮತ್ತೆ ಪಾಲಿಶ್ ಹಚ್ಚಬೇಕು. ಅದಕ್ಕೂ ಮೊದಲು ನೆಲ ಶುದ್ಧವಾಗಬೇಕು. ಇಷ್ಟು ದಿನ ನೆಲ ತನ್ನಷ್ಟಕ್ಕೆ ಶುದ್ಧವಿರುತ್ತದೆ ಎಂದೇ ಅವನು ತಿಳಿದಿದ್ದ.

"ಗುಂಡವ್ವಾ, ಹೊಡಿಯವ್ವಾ."

"ಏನ್ ಹೊಡೀಲ್ರಿ?"

ಅವನು ರಮಜಾನನ ಮುಖ ನೋಡಿದ. ರಮಜಾನ ತಗಡು ನೋಡಿದ. ನಡುಬಾಗಿಲು ತೆರೆಯಿತು. ಸಗೀರಾ, "ಹೇಳ್ರಿ, ಆಕಿ ಕೇಳಾಕತ್ತಾಳ" ಎಂದಳು.

"ಕಸ. ಎಲ್ಲಾ ಕಸ. ನಿಂದ. ಒಯ್ಯಿ."

"ಬಾಯಿಮಾತು ಒಮ್ಮೆ ತಿರುಗೇತ್ರಿ. ಬರದ ಕೊಡ್ರಿ. ಮಧ್ಯಾಹ್ನ ಎರಡು ತಾಸು ಮಷಿನ್ ನಂದು ಅಂತನೂ ಬರೀರಿ."

ನೆಲದಿಂದ ಒಂದು ತುಂಡು ಪ್ಲೈವುಡ್ ಎತ್ತಿಕೊಂಡು, ಕಿವಿಯ ಮೇಲಿನ ಪೆನ್ಸಿಲಿನಿಂದ ಕಾಸಿಂಸಾಬ ಬರೆದ. ಸಗೀರಾ ಗಟ್ಟಿಯಾಗಿ ಓದಿದಳು. "ಶಾಶ್ವತ ಅಂತ ಒಂದು ಮಾತು ಸೇರಿಸ್ರಿ" ಎಂದು ತಾನೇ ನಿಂತು ಬರೆಸಿದಳು. ರಮಜಾನ ಸಾಕ್ಷಿ ಹಾಕಿದ. ಗುಂಡವ್ವ ಆ ತುಂಡನ್ನು ಚೀಲಕ್ಕೆ ಹಾಕಿ, ಫ್ಯಾನು ಆರಿಸಿ, ನೀರು ಚಿಮುಕಿಸಿ, ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಹೊಡೆಯುತ್ತ ಬಂದಳು. ಒಂದು ಕಣ ಮೇಲೇಳಲಿಲ್ಲ. ಮೂವರೂ ಗೋಡೆಗೆ ಒತ್ತಿ ನಿಂತು ನೋಡಿದರು. ಸಂಜೆಯೊಳಗೆ ಮಂಚಕ್ಕೆ ಎರಡನೇ ಸಲ ಪಾಲಿಶ್ ಬಿತ್ತು.

ಚೂರು ನಾಲ್ಕು ಚೀಲ ತುಂಬಿತ್ತು. ಗುಂಡವ್ವ ಒಂದು ಹೊತ್ತಳು, ರಮಜಾನ ಒಂದು. ಉಳಿದೆರಡನ್ನು ಒಂದೊಂದು ಹೆಗಲಿಗೆ ಹಾಕಿಕೊಂಡು ಕಾಸಿಂಸಾಬ ಬಸ್ ಸ್ಟ್ಯಾಂಡಿಗೆ ನಡೆದ. ಕನ್ನೊಳ್ಳಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲೇ ತಡೆದ.

"ಅಕ್ಕಾರ, ನಿಮ್ಮ ತಿಕೀಟ ಫ್ರೀ ಐತಿ, ಚೀಲದ್ದು ಫ್ರೀ ಇಲ್ಲ. ಏನೈತಿ ಇದರಾಗ?"

"ಏನಿಲ್ಲೋ ಮಾರಾಯಾ, ಕಸ. ಹಂಗ ಬಿಡು" ಎಂದ ಕಾಸಿಂಸಾಬ, ಅವಳಿಗೊಂದು ಉಪಕಾರವಾಗಲಿ ಎಂದು.

"ಕಸ ಅಲ್ಲಪಾ, ಮಾಲು" ಎಂದಳು ಗುಂಡವ್ವ, ಸೊಂಟದ ರೊಕ್ಕದ ಚೀಲ ಬಿಚ್ಚುತ್ತ. "ನಾಕೂ ಚೀಲಕ್ಕ ಹರಿ ತಿಕೀಟ."