ರಾಬ್ ಅಂದರೆ ತಡಿ

ಮೊನ್ನೆ ರಜೆಯಲ್ಲಿ ಹೆತ್ತ ಆಯಿಯನ್ನು ಕರೆದುಕೊಂಡು ಅಂಕೋಲೆಯ ಸಮುದ್ರ ದಂಡೆಗೆ ಮೀನು ತರಲು ಹೋಗಿದ್ದೆ. ಯಾರೋ ದೋಣಿಯ ಎಂಜಿನ್ನಿಗೆ ಸೀಮೆಎಣ್ಣೆ ಸುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಒಂದು ಹಾರಾಟ ನೆನಪಾಗಿ ನನ್ನ ಅಂಗೈ ಬೆವರಿತು. ನಿಮಗೆ ನಗು ಬರಬಹುದು. ವಿಮಾನ ಕುಡಿಯುವುದೂ ಒಂದು ಬಗೆಯ ಸೀಮೆಎಣ್ಣೆಯನ್ನೇ. ನಾನು ವಿಮಾನ ಹಾರಿಸಿಯೇ ಹೊಟ್ಟೆ ಹೊರೆಯುವವನು.

ನಾನಿನ್ನೂ ಬಲಗಡೆ ಕುರ್ಚಿಯ ಸಹಪೈಲಟ್ ಆಗಿದ್ದ ಕಾಲ. ಎಡಗಡೆ ಕೂತ ಕ್ಯಾಪ್ಟನ್ ಕಾರವಾರದ ಕದ್ವಾಡದವರು, ಮನೆಮಾತು ಕೊಂಕಣಿ. ನಾನು ಅಂಕೋಲೆ ಕಡೆಯ ಅಗಸೂರಿನವನೆಂದು ತಿಳಿದ ದಿನದಿಂದ ಅವರಿಗೆ ನಾನು 'ತಮಾ'. ಅವರ ಪಾಠ ಒಂದೇ: ವಿಮಾನದ ಮೂತಿ ಎಷ್ಟು ಎತ್ತಿದ್ದೀ, ಎಂಜಿನ್ನಿಗೆ ಎಷ್ಟು ಜೋರು ಕೊಟ್ಟಿದ್ದೀ, ಇವೆರಡು ಸರಿಯಿದ್ದರೆ ವೇಗ ತಾನಾಗಿ ಬಂದು ಕೂರುತ್ತದೆ. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದರಲ್ಲಿ ನಾನು ಶಾಲೆಯಿಂದಲೂ ಮುಂದು.

ಮಳೆಗಾಲದ ಒಂದು ಮಧ್ಯಾಹ್ನ ಬೆಂಗಳೂರಿನಿಂದ ಗೋವಾಕ್ಕೆ ಹೊರಟಿದ್ದೆವು. ಹಿಂದೆ ಕಿಟಕಿ ಪಕ್ಕ ಆಯಿ. ಅವಳಿಗದು ಮೊದಲ ವಿಮಾನ. ಘಟ್ಟದ ಮೇಲಿನ ಮೋಡ ಹೊಕ್ಕ ಕೂಡಲೇ ನನ್ನೆದುರಿನ ವೇಗದ ಅಂಕಿ ಜರ್ರನೆ ಇಳಿಯಿತು. ಕ್ಯಾಪ್ಟನ್ ಎದುರಿನದು ಏರಿತು. ಯಾವುದು ಸುಳ್ಳು? ಆಟೋಪೈಲಟ್ ಕೈಚೆಲ್ಲಿತು, ವಿಮಾನ ನನ್ನ ಕೈಗೆ ಬಂತು. ವೇಗ ಸತ್ತರೆ ಬೀಳುತ್ತೇವೆ ಎಂಬುದೊಂದೇ ತಲೆಯಲ್ಲಿ, ಮೂತಿ ಕೆಳಗೊತ್ತಿದೆ. ಕ್ಯಾಪ್ಟನ್ ಎದುರು ಏರುತ್ತಿದ್ದ ಅಂಕಿ ಹೆದರಿಸಿತು, ಮೇಲೆಳೆದೆ. ಇಡೀ ವಿಮಾನ ಕುಲುಕಿತು. ಹಿಂದೆ ಆಯಿ ಇದ್ದಾಳೆಂದು ನೆನಪಾಯಿತು.

"ಅಂಕಿ ಬೆನ್ನ್ ಹತ್ಬೇಡ ತಮಾ. ಮೂತಿ ನಾಲ್ಕು ಡಿಗ್ರಿ, ಎಂಜಿನ್ ಎಪ್ಪತ್ತೈದು ಪರ್ಸೆಂಟು," ಎಂದರು ಕ್ಯಾಪ್ಟನ್.

ಹಾಗೇ ಇಟ್ಟೆ. ಹಿಡಿಕೆಯ ಭಾರ ಕೈಗೆ ತಾಗದಷ್ಟು ವಿಮಾನವನ್ನು ಸಮತೂಕ ಮಾಡಿದೆ. ಅಂಕಿ ಇನ್ನೂ ಇಳಿಯುತ್ತಿತ್ತು, ಕೈ ಮತ್ತೆ ತುರಿಸಿತು.

"ರಾಬ್," ಎಂದರು.

ನನ್ನ ಕೊಂಕಣಿಯೆಲ್ಲ ಕಾರವಾರದ ಬಸ್ಸಿನಲ್ಲಿ ಕಲಿತದ್ದು. ಅಲ್ಲಿ ರಾಬ್ ಎಂದು ಕೂಗಿದರೆ ಬಸ್ಸು ನಿಲ್ಲುತ್ತದೆ. ಸಾಕು ನಿಲ್ಲಿಸು, ನಾನು ಹಿಡಿಯುತ್ತೇನೆ ಎಂದರೆಂದು ತಿಳಿದು ಎರಡೂ ಕೈ ಎತ್ತಿಬಿಟ್ಟೆ. ಅವರ ಕೈಯಲ್ಲಿ ಇದ್ದದ್ದು ತುರ್ತು ಸೂಚನೆಗಳ ಪುಸ್ತಕ. ವಿಮಾನವನ್ನು ಯಾರೂ ಹಿಡಿದಿರಲಿಲ್ಲ.

ಅದು ಅಲುಗಲಿಲ್ಲ. ಅಂಕಿಗಳು ತಮ್ಮಷ್ಟಕ್ಕೆ ಜಗಳಾಡುತ್ತಿದ್ದವು. ಅಷ್ಟು ದೊಡ್ಡ ವಿಮಾನ ಅಷ್ಟು ಜನರನ್ನು ಹೊತ್ತು, ಮೂತಿ ನಾಲ್ಕು ಡಿಗ್ರಿ ಎತ್ತಿಕೊಂಡು ಆ ಬಿಳುಪಿನೊಳಗೆ ನೆಟ್ಟಗೆ ಸಾಗಿತು. ನನ್ನ ಮೈ ಜುಂ ಎಂದಿತು. ಅಂಥ ಬೆರಗು ನನಗೆ ಯಾವ ಗುಡಿಯಲ್ಲೂ ಆಗಿಲ್ಲ.

"ನಿಲ್ಸು ಅಂದದ್ದಲ್ಲ ಮಾರಾಯಾ, ತಡಿ ಅಂದದ್ದು. ಹಿಡ್ಕೋ," ಎಂದರು ಕ್ಯಾಪ್ಟನ್.

ಮೆಲ್ಲಗೆ ಹಿಡಿದೆ. ಮೋಡ ದಾಟಿ, ವೇಗ ಅಳೆಯುವ ಕೊಳವೆಗಳಲ್ಲಿ ಕಟ್ಟಿದ್ದ ಮಂಜು ಕರಗಿದ ಮೇಲೆ ಎರಡೂ ಅಂಕಿ ಒಂದಾದವು. ಗೋವಾದಲ್ಲಿ ಇಳಿದಾಗ ಆಯಿ, "ನಡೂಗೆ ಒಂದ್ ಸಲ ಕುಲುಕ್ತು ನೋಡು. ಆಮೇಲೆ ನಂಗೆ ನಿದ್ದೆ ಬಂತು," ಎಂದಳು. ನಾನು ಅವಳ ಚೀಲ ಎತ್ತಿಕೊಂಡು ನಡೆದೆ.

ಮೊನ್ನೆ ದಂಡೆಯಲ್ಲಿ ಅದನ್ನೆಲ್ಲ ಹೇಳಿದೆ. ಬಂಗಡೆ ಆರಿಸುತ್ತಿದ್ದ ಆಯಿಯ ಕೈ ನಿಂತಿತು.

"ನೀನೂ ಹಿಡ್ದಿರ್ಲಿಲ್ಲ, ಅವ್ರೂ ಹಿಡ್ದಿರ್ಲಿಲ್ಲ. ಮತ್ತೆ ನಾ ಮಲ್ಗಿದ್ದಾಗ ಹಿಡ್ದದ್ದು ಯಾರು?"

"ಗಾಳಿ," ಎಂದೆ. ಇಷ್ಟು ವರ್ಷ ಹಾರಿಸಿದವನಾದರೂ, ಬಾಯಿಬಿಟ್ಟು ಹೇಳಿದಾಗ ನನಗೇ ಹೊಸ ಸುದ್ದಿ ಕೇಳಿದಂತಾಯಿತು.

ಆಯಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ತುದಿ ಹಿಡಿದು ಕಡಲ ಗಾಳಿಗೆ ಒಡ್ಡಿದಳು. ಅದು ಉಬ್ಬಿ ಮೇಲೆದ್ದಿತು. ಮೀನು ಮರೆತು ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು.