ಕೇಬಲ್ ಹಾಕುವ ಮೊದಲೇ ಬಂದ ಮೇಲ್

ಸತ್ತವರು ಹುಡುಕಿಕೊಂಡು ಬರುತ್ತಾರೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕಂಪ್ಯೂಟರ್ ಕೆಲಸದವಳು ನಾನು. ನಡೆದದ್ದೆಲ್ಲವನ್ನೂ ಯಂತ್ರ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ ಎಂದು ನಂಬಿದ್ದೆ. ಈಗ ಏನನ್ನು ನಂಬಬೇಕೋ ತಿಳಿಯದು.

ಯಶವಂತಪುರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಅಲ್ಲಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳಲು ಇದ್ದವರು ಇಬ್ಬರು, ನಾನು ಮತ್ತು ಗಂಗಾಧರಪ್ಪ. ಅವರು ಅಲ್ಲೇ ಹತ್ತಿರದ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಮನೆತನದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ನನಗೆ ಕಲಿಸಿದ್ದು ಅವರೇ. ತಪ್ಪಿದರೆ ಬೈಯುತ್ತಿರಲಿಲ್ಲ, "ಇಂಗಲ್ಲ ಕಣಮ್ಮ, ಇಂಗೆ" ಎಂದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು.

ಒಂದು ದಿನ ನಾನು ತಪ್ಪು ಫೋಲ್ಡರಿನಲ್ಲಿದ್ದುಕೊಂಡು ಅಳಿಸುವ ಕಮ್ಯಾಂಡ್ ಕೊಟ್ಟೆ. ಇಡೀ ಕಚೇರಿಯ ಮೇಲ್‌ಗಳು ಹೋದವು. ಯಾರೂ ನೋಡಿರಲಿಲ್ಲ. ಮಾಲೀಕರು ಗಂಗಾಧರಪ್ಪನವರನ್ನು ಕರೆಸಿದರು.

"ಡಿಸ್ಕ್ ಹಳೇದಾಗಿತ್ತು ಸಾರ್, ಕೆಟ್ಟೋಗಿರ್ಬೇಕು" ಎಂದರು ಅವರು.

"ಹಳೇದಾಗಿರೋದು ಡಿಸ್ಕಲ್ಲ ಕಣ್ರೀ, ನೀವು."

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ನಾಲ್ಕು ತಿಂಗಳಿಗೆ ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೂ ನಾನು ಹೋಗಲಿಲ್ಲ.

ಅದಾದ ಮೇಲೆ ಹೊಸ ಮೇಲ್ ಸರ್ವರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಯಂತ್ರ, ಹೊಸ ಡಿಸ್ಕ್. ಒಂದು ಶನಿವಾರ ಮಧ್ಯಾಹ್ನ ಲಿನಕ್ಸ್ ಹಾಕಿ, ನನ್ನ ಹೆಸರಿನಲ್ಲಿ ಒಂದೇ ಒಂದು ಖಾತೆ ತೆರೆದೆ. ನೆಟ್‌ವರ್ಕ್ ಕೇಬಲ್ ಇನ್ನೂ ಸುತ್ತಿಟ್ಟ ಹಾಗೇ ಮೇಜಿನ ಮೇಲಿತ್ತು, ಹೊರಗಿನಿಂದ ಏನೂ ಒಳಗೆ ಬರುವಂತಿರಲಿಲ್ಲ. ಪರೀಕ್ಷೆಗೆಂದು ನನಗೆ ನಾನೇ ಒಂದು ಮೇಲ್ ಕಳಿಸಿಕೊಂಡು ಇನ್‌ಬಾಕ್ಸ್ ನೋಡಿದೆ. ಎರಡಿದ್ದವು.

ಎರಡನೆಯದು ಗಂಗಾಧರಪ್ಪನವರ ಹಳೆಯ ವಿಳಾಸದಿಂದ. ಅವರು ಬರೆಯುತ್ತಿದ್ದಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಒಂದೇ ಸಾಲು: "ನೀನೇ ಅಂತ ಅವತ್ತೇ ಗೊತ್ತಿತ್ತು ಕಣಮ್ಮ."

ಅಷ್ಟರಲ್ಲಿ ಮಾಲೀಕರು ಒಳಗೆ ಬರುವ ಸದ್ದಾಯಿತು. ಅವರು ಹತ್ತಿರ ಬರುವ ಮೊದಲು ಆ ಮೇಲನ್ನು ಅಳಿಸಿಬಿಟ್ಟೆ.

"ಏನಮ್ಮ, ಕೆಲ್ಸ ಮಾಡ್ತಿದ್ಯಾ ಅದು?"

"ಮಾಡ್ತಿದೆ ಸಾರ್."

ಅವರು ಹೋದ ಮೇಲೆ ಯಂತ್ರದ ದಾಖಲೆಯನ್ನು ಸಾಲುಸಾಲಾಗಿ ಓದಿದೆ. ಬಂದದ್ದು ಒಂದೇ ಮೇಲ್, ನನ್ನದು. ಯಾರೋ ಆಟವಾಡಿದರು ಎನ್ನೋಣವೆಂದರೆ, ಅಂದು ಅಳಿಸಿದ್ದು ನಾನೇ ಎಂದು ಯಾರಿಗೂ ಹೇಳಿರಲಿಲ್ಲ. ನನ್ನ ಮನಸ್ಸೇ ಕಟ್ಟಿಕೊಂಡದ್ದು ಎನ್ನೋಣವೆಂದರೆ, ಅವರಿಗೆ ಗೊತ್ತಿದ್ದೂ ನನ್ನನ್ನು ಉಳಿಸಿರಬಹುದು ಎಂಬ ಯೋಚನೆ ಅದುವರೆಗೆ ನನಗೆ ಬಂದೇ ಇರಲಿಲ್ಲ.

ಅವರ ಹೆಂಡತಿ ಈಗಲೂ ಸಿಂಗಾಪುರದಲ್ಲೇ ಇದ್ದಾರೆ. ಆ ಮನೆಯ ತಿರುವಿನವರೆಗೆ ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಗಾಡಿ ತಿರುಗಿಸಿಕೊಂಡು ಬಂದಿದ್ದೇನೆ.